ಟ್ರ್ಯಾಕ್‌ನಲ್ಲಿ ಓಡಿದ, ಮಾಡಿಫೈ ಆದ ಸ್ಪೋರ್ಟ್ಸ್ ಕಾರನ್ನು ಮಾರುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಬಿಡಿಭಾಗಗಳಿಗೆ ಸುರಿದ ಹಣ ಕಾರಿನ ಬೆಲೆಯಾಗಿ ವಾಪಸು ಬರುವುದಿಲ್ಲ. ಇದನ್ನು ಮೊದಲೇ ಅರಗಿಸಿಕೊಂಡವರು ಕಾರನ್ನು ಬೇಗ ಮಾರುತ್ತಾರೆ. ಅರಗಿಸಿಕೊಳ್ಳದವರ ಜಾಹೀರಾತು ತಿಂಗಳುಗಟ್ಟಲೆ ಹಾಗೇ ಬಿದ್ದಿರುತ್ತದೆ. ಎಂಜಿನ್ ಇನ್ನೆಷ್ಟು ಕಾಲ ಬಾಳುತ್ತದೆ, ಕಾರು ಎಲ್ಲಾದರೂ ಗೋಡೆಗೆ ಬಡಿದಿತ್ತೇ, ಈ ಭಾಗಗಳನ್ನೆಲ್ಲ ಜೋಡಿಸಿದವರಿಗೆ ಕೆಲಸ ಗೊತ್ತಿತ್ತೇ: ನೋಡಲು ಬರುವವರ ತಲೆಯಲ್ಲಿ ಸುತ್ತುವುದು ಇವೇ ಪ್ರಶ್ನೆಗಳು. ಉತ್ತರ ಸಿಗದ ಒಂದೊಂದು ಪ್ರಶ್ನೆಗೂ ಅವರು ಬೆಲೆಯಿಂದ ಒಂದಿಷ್ಟು ಕಳೆಯುತ್ತಾರೆ. ಹೀಗಾಗಿ ಮಾರಾಟದ ಮುಕ್ಕಾಲು ಪಾಲು ಕೆಲಸ ಅಳೆಯುವುದು ಮತ್ತು ಅಳೆದದ್ದನ್ನು ಕಾಗದಕ್ಕೆ ಇಳಿಸುವುದು.

ಹಂತ 1: ಯಾರಿಗೆ ಮಾರುವುದೆಂದು ಮೊದಲು ತೀರ್ಮಾನಿಸಿ

ದಾರಿಗಳು ಮೂರು. ಕಾರು ಹೇಗಿದೆಯೋ ಹಾಗೇ ಟ್ರ್ಯಾಕ್‌ಗೆ ಹೋಗುವವರಿಗೆ ಮಾರುವುದು. ಕಾರ್ಖಾನೆಯ ಭಾಗಗಳನ್ನು ಮತ್ತೆ ಹಾಕಿ ಕಾರನ್ನು ರಸ್ತೆಯ ಗಿರಾಕಿಗೂ ಬಿಡಿಭಾಗಗಳನ್ನು ಬೇರೆಯವರಿಗೂ ಮಾರುವುದು. ಕೊನೆಯದು, ಕಾರನ್ನೇ ಪೂರ್ತಿ ಬಿಚ್ಚಿ ತುಂಡುತುಂಡಾಗಿ ಮಾರುವುದು.

ತೀರ್ಮಾನ ನಿಮ್ಮ ಆಸೆಗಿಂತ ಕಾರಿನ ಸ್ಥಿತಿಯನ್ನು ಅವಲಂಬಿಸಿದೆ. ರೋಲ್ ಕೇಜನ್ನು (ಕಾರು ಮಗುಚಿದರೆ ಒಳಗಿದ್ದವರನ್ನು ಕಾಯುವ ಉಕ್ಕಿನ ಕೊಳವೆಗಳ ಚೌಕಟ್ಟು) ಕಾರಿನ ಬಾಡಿಯ ಜೊತೆ ವೆಲ್ಡ್ ಮಾಡಿದ್ದರೆ, ಫೆಂಡರ್ ಕತ್ತರಿಸಿದ್ದರೆ, ಡ್ಯಾಶ್‌ಬೋರ್ಡ್ ಕೊರೆದಿದ್ದರೆ ರಸ್ತೆಯ ಗಿರಾಕಿಯನ್ನು ಮರೆತುಬಿಡಿ. ಹೆಲ್ಮೆಟ್ ಇಲ್ಲದ ತಲೆ ಉಕ್ಕಿನ ಕೊಳವೆಗೆ ಬಡಿದರೆ ಏನಾಗುತ್ತದೆ ಎಂಬುದು ಬಲ್ಲವರಿಗೆಲ್ಲ ಗೊತ್ತು. ಅಂಥ ಕಾರನ್ನು ದಿನನಿತ್ಯದ ಓಡಾಟಕ್ಕೆಂದು ಮಾರುವುದು ಸರಿಯೂ ಅಲ್ಲ. ಬೋಲ್ಟ್‌ನಲ್ಲಿ ಕೂರಿಸಿದ ಕೇಜು, ಕಾಯಿಲ್‌ಓವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್), ಎಕ್ಸಾಸ್ಟ್, ಸೀಟುಗಳಷ್ಟೇ ಬದಲಾಗಿದ್ದು, ಮೂಲ ಭಾಗಗಳೆಲ್ಲ ಮನೆಯಲ್ಲಿದ್ದರೆ ಎರಡನೇ ದಾರಿ ಲಾಭದಾಯಕ. ಪಿಸ್ಟನ್, ಕನೆಕ್ಟಿಂಗ್ ರಾಡ್‌ವರೆಗೆ ಬದಲಾದ ಎಂಜಿನ್ನನ್ನು ಹಿಂದಕ್ಕೆ, ಅಂದರೆ ಕಾರ್ಖಾನೆಯ ಸ್ಥಿತಿಗೆ, ತರುವ ಯೋಚನೆ ಬೇಡ. ಎಕ್ಸ್‌ಚೇಂಜ್‌ಗೆ ಡೀಲರ್ ಬಳಿ ಒಯ್ಯುವುದು ಎಲ್ಲಕ್ಕಿಂತ ನಷ್ಟದ ದಾರಿ, ಯಾಕೆಂದರೆ ಅವರು ಮಾಡಿಫಿಕೇಶನ್ನನ್ನು ತೆಗೆಯಬೇಕಾದ ಖರ್ಚು ಎಂದೇ ಲೆಕ್ಕ ಹಾಕುತ್ತಾರೆ.

ಹಂತ 2: ಹಿಂದಕ್ಕೆ ತರುವುದಾದರೆ ಈ ಕ್ರಮದಲ್ಲಿ

ಸುಲಭವಾಗಿ ಬಿಚ್ಚಬಹುದಾದ, ಬೇಗ ಮಾರಾಟವಾಗುವ ಭಾಗಗಳಿಂದ ಶುರುಮಾಡಿ: ಚಕ್ರಗಳು, ಸೀಟು ಮತ್ತು ಹಾರ್ನೆಸ್ (ರೇಸಿನ ಸೀಟ್ ಬೆಲ್ಟ್), ಸ್ಟೀರಿಂಗ್, ವಿಂಗ್, ಬ್ರೇಕ್ ಕಿಟ್, ಎಕ್ಸಾಸ್ಟ್, ಕೊನೆಗೆ ಸಸ್ಪೆನ್ಷನ್. ಸಸ್ಪೆನ್ಷನ್ ಬದಲಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸಲೇಬೇಕಾದ್ದರಿಂದ ಅದನ್ನು ಒಂದೇ ಸಲಕ್ಕೆ ಮುಗಿಸಿ. ಟ್ರ್ಯಾಕ್‌ಗೆಂದು ಮೈನಸ್ 3 ಡಿಗ್ರಿ ಇಟ್ಟ ಕ್ಯಾಂಬರ್ (ಚಕ್ರದ ಒಳವಾಲು) ರಸ್ತೆಯಲ್ಲಿ ಟೈರಿನ ಒಳಅಂಚನ್ನು ತಿಂದುಹಾಕುತ್ತದೆ. ಕಾರ್ಖಾನೆಯ ಅಳತೆಗೆ ತನ್ನಿ, ಅಲೈನ್‌ಮೆಂಟ್ ಯಂತ್ರ ಕೊಟ್ಟ ಚೀಟಿಯನ್ನು ಇಟ್ಟುಕೊಳ್ಳಿ.

ಎಡವಟ್ಟಾಗುವುದು ಹೆಚ್ಚಾಗಿ ಟ್ಯೂನ್, ಅಂದರೆ ಎಂಜಿನ್ ಕಂಪ್ಯೂಟರಿನ (ಇಸಿಯು) ಸೆಟ್ಟಿಂಗುಗಳ ವಿಷಯದಲ್ಲಿ. ಇಸಿಯುನಲ್ಲಿರುವ ಟ್ಯೂನ್ ಈಗ ಹಾಕಿರುವ ಇಂಜೆಕ್ಟರ್, ಇನ್‌ಟೇಕ್ ಕೊಳವೆ, ಒಳಬರುವ ಗಾಳಿಯನ್ನು ಅಳೆಯುವ ಎಂಎಎಫ್ ಸೆನ್ಸರ್ ಕೂತಿರುವ ಕವಚದ ವ್ಯಾಸ, ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ) ಮಟ್ಟ ಎಲ್ಲಕ್ಕೂ ಹೊಂದಿಸಿ ಬರೆದದ್ದು. ದೊಡ್ಡ ಇನ್‌ಟೇಕ್ ತೆಗೆದು ಚಿಕ್ಕದನ್ನು ಹಾಕಿ ಟ್ಯೂನ್ ಹಾಗೇ ಬಿಟ್ಟರೆ ಇಸಿಯು ಗಾಳಿಯ ಪ್ರಮಾಣವನ್ನು ತಪ್ಪಾಗಿ ಓದುತ್ತದೆ. ದೊಡ್ಡ ಇಂಜೆಕ್ಟರ್ ತೆಗೆದು ಮೂಲದ್ದನ್ನು ಹಾಕಿದರೆ ಇಂಧನ ಸಾಲದೆ ಮಿಶ್ರಣ ಲೀನ್ ಆಗಿ ನಾಕ್ (ಸಿಲಿಂಡರಿನೊಳಗೆ ಇಂಧನ ಅಂಕೆಯಿಲ್ಲದೆ ಸಿಡಿಯುವುದು) ಶುರುವಾಗುತ್ತದೆ. ಒಂದೇ ಟೆಸ್ಟ್ ಡ್ರೈವ್‌ನಲ್ಲಿ ಪಿಸ್ಟನ್ ಹೋಗಲು ಇಷ್ಟು ಸಾಕು. ಆದ್ದರಿಂದ ಭಾಗಗಳನ್ನೂ ಟ್ಯೂನನ್ನೂ ಒಟ್ಟಿಗೇ ಹಿಂದಕ್ಕೆ ತರಬೇಕು. ಟ್ಯೂನ್ ಮಾಡಿದವರಿಂದ ಮೂಲ ಫೈಲ್ ಮೊದಲೇ ತರಿಸಿಕೊಳ್ಳಿ. ಕೈಯಲ್ಲಿ ಹಿಡಿಯುವ ಟ್ಯೂನಿಂಗ್ ಉಪಕರಣ ಬಳಸಿದ್ದರೆ ಅವುಗಳಲ್ಲಿ ಹೆಚ್ಚಿನವು ಒಂದೇ ಕಾರಿಗೆ ಲಾಕ್ ಆಗುತ್ತವೆ. ಕಾರು ಕೈತಪ್ಪುವ ಮುನ್ನ ಆ ಲಾಕ್ ಬಿಡಿಸಿಕೊಳ್ಳದಿದ್ದರೆ ಆ ಉಪಕರಣ ಇನ್ನೊಬ್ಬರಿಗೆ ಪ್ರಯೋಜನಕ್ಕೆ ಬರುವುದಿಲ್ಲ.

ಎಕ್ಸಾಸ್ಟ್ ಬಿಚ್ಚುವಾಗ ತುಕ್ಕು ಹಿಡಿದ ಸ್ಟಡ್‌ಗಳು ಮುರಿಯುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ, ಹೊಸ ಗ್ಯಾಸ್ಕೆಟ್ ಮತ್ತು ನಟ್ಟುಗಳನ್ನು ತಂದಿಟ್ಟುಕೊಂಡೇ ಕೈಹಾಕಿ. ಹೊಗೆಯ ವಿಷಾನಿಲ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದ ಕಾರನ್ನು ರಸ್ತೆಗೆಂದು ಮಾರುವುದಾದರೆ ಅದನ್ನು ವಾಪಸು ಹಾಕುವುದು ಕಡ್ಡಾಯವೆಂದೇ ತಿಳಿಯಿರಿ. ಅದಿಲ್ಲದೆ ಹೊಗೆ ತಪಾಸಣೆಯಲ್ಲಿ ಕಾರು ಪಾಸಾಗುವುದು ಕಷ್ಟ, ಎಷ್ಟೋ ದೇಶಗಳಲ್ಲಿ ಅಂಥ ಕಾರನ್ನು ರಸ್ತೆಯಲ್ಲಿ ಓಡಿಸುವುದೇ ಅಪರಾಧ.

ಇನ್ನೊಂದು ಮಾತು: ಏರ್‌ಬ್ಯಾಗ್ ತೆಗೆದು, ಎಚ್ಚರಿಕೆ ದೀಪ ಉರಿಯದಂತೆ ರೆಸಿಸ್ಟರ್ ಜೋಡಿಸಿದ್ದರೆ ಅದನ್ನು ಹಾಗೇ ಮಾರಬೇಡಿ. ಮೂಲ ಏರ್‌ಬ್ಯಾಗ್ ವಾಪಸು ಹಾಕಿ. ಆಗದಿದ್ದರೆ ರೆಸಿಸ್ಟರ್ ಕಿತ್ತು, ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲವೆಂದು ಬರೆದುಕೊಡಿ. ಮಿಕ್ಕ ಲೋಪಗಳು ಬೆಲೆಗೆ ಸಂಬಂಧಿಸಿದವು, ಇದು ಜೀವಕ್ಕೆ.

ಹಂತ 3: ಎಂಜಿನ್ನಿನ ಆರೋಗ್ಯವನ್ನು ಅಂಕಿಯಲ್ಲಿ ತೋರಿಸಿ

ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟ್ ಎಲ್ಲರೂ ಕೇಳುತ್ತಾರೆ, ಸರಿಯಾಗಿ ಮಾಡುವವರು ಕಡಿಮೆ. ಎಂಜಿನ್ ಬಿಸಿಯಾಗಿರಬೇಕು, ಎಲ್ಲ ಸ್ಪಾರ್ಕ್ ಪ್ಲಗ್‌ಗಳೂ ಹೊರಗಿರಬೇಕು, ಇಂಧನ ಮತ್ತು ಇಗ್ನಿಷನ್ ಬಂದ್ ಆಗಿರಬೇಕು, ಥ್ರಾಟಲ್ ಪೂರ್ತಿ ತೆರೆದಿರಬೇಕು. ಎಲೆಕ್ಟ್ರಾನಿಕ್ ಥ್ರಾಟಲ್ ಇದ್ದರೆ ಪೆಡಲ್ ತುಳಿದಾಗ ಅದು ನಿಜಕ್ಕೂ ತೆರೆಯಿತೇ ಎಂದು ಕಣ್ಣಾರೆ ನೋಡಿ. ಬ್ಯಾಟರಿ ಸೋತರೆ ಕೊನೆಯ ಸಿಲಿಂಡರ್‌ಗಳ ಅಂಕಿ ಸುಮ್ಮನೆ ಇಳಿಯುತ್ತದೆ, ಹಾಗಾಗಿ ಚಾರ್ಜರ್ ಜೋಡಿಸಿಯೇ ಇರಲಿ. ಪ್ರತಿ ಸಿಲಿಂಡರ್‌ಗೂ ಒಂದೇ ಲೆಕ್ಕದಲ್ಲಿ, ಅಂದರೆ ಐದಾರು ಸಲ, ಎಂಜಿನ್ ತಿರುಗಿಸಿ. ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕಿಗಳ ನಡುವಿನ ಅಂತರ ಶೇ 10ರೊಳಗಿದ್ದರೆ ಒಳ್ಳೆಯದು. ಶೇ 15 ದಾಟಿದರೆ ಕಾರಣ ಹುಡುಕಬೇಕು.

ಇಲ್ಲೊಂದು ತೊಡಕಿದೆ. ವಾಲ್ವನ್ನು ಹೆಚ್ಚು ಹೊತ್ತು ತೆರೆದಿಡುವ ರೇಸ್ ಕ್ಯಾಮ್‌ಶಾಫ್ಟ್ ಹಾಕಿದ್ದರೆ ಅಥವಾ ಟರ್ಬೊಗೆಂದು ಕಡಿಮೆ ಕಂಪ್ರೆಷನ್ ಪಿಸ್ಟನ್ ಹಾಕಿದ್ದರೆ, ಎಂಜಿನ್ ಹೊಸದಾಗಿದ್ದರೂ ಅಂಕಿ ಕಾರ್ಖಾನೆಯ ಪುಸ್ತಕದಲ್ಲಿರುವುದಕ್ಕಿಂತ ಕಡಿಮೆಯೇ ಬರುತ್ತದೆ. ಪುಸ್ತಕ ಹಿಡಿದು ಬಂದ ಗಿರಾಕಿ ಅದನ್ನು ಸವೆದ ಎಂಜಿನ್ ಎಂದುಕೊಳ್ಳುತ್ತಾರೆ. ಅಂಥ ಎಂಜಿನ್ನಿಗೆ ಲೀಕ್‌ಡೌನ್ ಟೆಸ್ಟೇ ಸರಿಯಾದ ಸಾಕ್ಷಿ. ಪಿಸ್ಟನ್ ಕಂಪ್ರೆಷನ್ ಸ್ಟ್ರೋಕಿನ ತುದಿಯಲ್ಲಿರುವಾಗ ಸಿಲಿಂಡರಿಗೆ 100 ಪಿಎಸ್ಐ ಗಾಳಿ ಕೊಟ್ಟು ಎಷ್ಟು ಸೋರುತ್ತದೆಂದು ನೋಡುವ ಪರೀಕ್ಷೆ ಇದು. ಶೇ 10ರೊಳಗಿದ್ದರೆ ನಿಶ್ಚಿಂತೆ, ಶೇ 20 ಮೀರಿದರೆ ರಿಪೇರಿಯ ಮಾತು. ಸೋರಿಕೆಯ ಶಬ್ದ ಎಲ್ಲಿಂದ ಬರುತ್ತದೆ ಎಂಬುದೂ ಮುಖ್ಯ: ಇನ್‌ಟೇಕ್‌ನಲ್ಲಿ ಕೇಳಿದರೆ ಇನ್‌ಟೇಕ್ ವಾಲ್ವ್, ಸೈಲೆನ್ಸರ್‌ನಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್, ಆಯಿಲ್ ಮುಚ್ಚಳದಲ್ಲಿ ಕೇಳಿದರೆ ಪಿಸ್ಟನ್ ರಿಂಗ್, ರೇಡಿಯೇಟರ್‌ನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್. ಮಾಜ್ದಾ ಆರ್‌ಎಕ್ಸ್-7, ಆರ್‌ಎಕ್ಸ್-8ರಂಥ ರೋಟರಿ ಎಂಜಿನ್ನಿಗೆ ಸಾಮಾನ್ಯ ಗೇಜ್ ಸಾಲದು. ರೋಟರಿನ ಮೂರೂ ಮುಖಗಳನ್ನು ಬೇರೆಬೇರೆಯಾಗಿ ಓದುವ ವಿಶೇಷ ಟೆಸ್ಟರ್ ಬೇಕು, ಅಂಕಿಯನ್ನು 250 ಆರ್‌ಪಿಎಂಗೆ ಸರಿಹೊಂದಿಸಿ ಬರೆಯಬೇಕು.

ಆಯಿಲ್ ಪರೀಕ್ಷೆ ಅಗ್ಗದ್ದು, ಆದರೆ ಗಿರಾಕಿಯ ಮೇಲೆ ಅದರ ಪ್ರಭಾವ ದೊಡ್ಡದು. ಬಿಸಿ ಆಯಿಲ್ ಹರಿಯತೊಡಗಿದ ಮೇಲೆ, ಧಾರೆಯ ನಡುಭಾಗದಿಂದ ಮಾದರಿ ಹಿಡಿದು ಲ್ಯಾಬ್‌ಗೆ ಕಳಿಸಿ. ಸೀಸ ಮತ್ತು ತಾಮ್ರ ಹೆಚ್ಚಿದ್ದರೆ ಬೇರಿಂಗ್ ಸವೆತ, ಅಲ್ಯುಮಿನಿಯಂ ಹೆಚ್ಚಿದ್ದರೆ ಪಿಸ್ಟನ್, ಸಿಲಿಕಾನ್ ಹೆಚ್ಚಿದ್ದರೆ ಫಿಲ್ಟರ್ ದಾಟಿ ಬಂದ ಧೂಳು, ಸೋಡಿಯಂ ಅಥವಾ ಪೊಟ್ಯಾಸಿಯಂ ಕಂಡರೆ ಕೂಲಂಟ್ ಒಳಸೇರಿದ ಗುಮಾನಿ. ನಿನ್ನೆ ತುಂಬಿಸಿದ ಹೊಸ ಆಯಿಲ್ ಕಳಿಸಿದರೆ ವರದಿ ಚೆನ್ನಾಗಿಯೇ ಬರುತ್ತದೆ, ನಂಬುವವರು ಮಾತ್ರ ಇರುವುದಿಲ್ಲ. ಆಯಿಲ್ ಎಷ್ಟು ಕಿಲೋಮೀಟರ್ ಓಡಿದೆ, ಅದರಲ್ಲಿ ಟ್ರ್ಯಾಕ್‌ನ ಪಾಲೆಷ್ಟು ಎಂದು ವರದಿಯ ಪಕ್ಕದಲ್ಲೇ ಬರೆಯಿರಿ.

ಟ್ರ್ಯಾಕ್ ಕಾರಿನ ಬಗ್ಗೆ ಬಲ್ಲವರಿಗೆ ಇರುವ ದೊಡ್ಡ ಭಯ ತಪ್ಪು ಗೇರು. ಐದಕ್ಕೆ ಹೋಗಬೇಕಾದ ಲಿವರ್ ಮೂರಕ್ಕೆ ಬಿದ್ದರೆ ಎಂಜಿನ್ ತನ್ನ ಮಿತಿಗಿಂತ ಸಾವಿರಾರು ಆರ್‌ಪಿಎಂ ಮೇಲೆ ತಿರುಗುತ್ತದೆ. ಚಕ್ರಗಳೇ ಎಂಜಿನ್ನನ್ನು ಎಳೆಯುತ್ತಿರುವುದರಿಂದ ರೆವ್ ಲಿಮಿಟರ್ ಇದನ್ನು ತಡೆಯಲಾರದು. ಪೋರ್ಷೆ ಕಾರುಗಳ ಎಂಜಿನ್ ಕಂಪ್ಯೂಟರ್ ಇದನ್ನು ದಾಖಲಿಸಿಡುತ್ತದೆ. 997 ಮಾದರಿಯಿಂದ ಈಚೆಗೆ ಆರ್‌ಪಿಎಂನ ಆರು ಶ್ರೇಣಿಗಳಿದ್ದು, ಮೇಲಿನ ಶ್ರೇಣಿಗಳಲ್ಲಿ ಅಂಕಿ ಕಂಡರೆ ಅದು ತಪ್ಪು ಗೇರಿನದೇ. ಅದು ಎಂಜಿನ್ನಿನ ಎಷ್ಟನೇ ಗಂಟೆಯಲ್ಲಾಯಿತು ಎಂಬುದೂ ಅಲ್ಲಿರುತ್ತದೆ. ವರದಿಯನ್ನು ನೀವೇ ಮೊದಲು ತೆಗೆಸಿ. ಅದಾದ ಮೇಲೆ ನೂರಾರು ಗಂಟೆ ಎಂಜಿನ್ ಸರಿಯಾಗಿ ಓಡಿದ್ದರೆ ಅದನ್ನು ಹೇಳಿ ಒಪ್ಪಿಸಬಹುದು. ಗಿರಾಕಿಯ ಮೆಕ್ಯಾನಿಕ್ ಹುಡುಕಿ ತೆಗೆದರೆ ಒಪ್ಪಿಸಲಾಗದು.

ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷಗಳ ಓಬಿಡಿ ಎರರ್ ಕೋಡ್ ಅಳಿಸಿ ಗಿರಾಕಿಯನ್ನು ಕರೆಯುವ ಚಾಳಿಯೂ ಇದೆ. ಕೋಡ್ ಅಳಿಸಿದೊಡನೆ ಕಾರಿನ ಸ್ವಯಂ ಪರೀಕ್ಷೆ ಮುಗಿದಿದೆಯೇ ಎಂದು ತೋರಿಸುವ ರೆಡಿನೆಸ್ ಮಾನಿಟರ್‌ಗಳೂ ಶೂನ್ಯಕ್ಕೆ ಬರುತ್ತವೆ, ಅಗ್ಗದ ಸ್ಕ್ಯಾನರ್‌ನಲ್ಲೂ ಅದು ಕಾಣುತ್ತದೆ.

ಹಂತ 4: ಬಾಡಿ, ಬ್ರೇಕ್, ಟೈರು

ನಿಮ್ಮ ಮಾದರಿಗೆ ಹೆಸರಾದ ರೋಗ ಯಾವುದೋ ಅದನ್ನೇ ಮೊದಲು ನೋಡುತ್ತಾರೆ. ಬಿಎಂಡಬ್ಲ್ಯು ಇ46 ಎಂ3 ಆದರೆ ಸಸ್ಪೆನ್ಷನ್ ಹೊರುವ ಹಿಂದಿನ ಸಬ್‌ಫ್ರೇಮ್ ಕೂರುವ ಜಾಗದಲ್ಲಿ ಬಾಡಿಯ ಬಿರುಕು. ಇ92 ಎಂ3 ಆದರೆ ವಿ8 ಎಂಜಿನ್ನಿನ ರಾಡ್ ಬೇರಿಂಗ್. ಪೋರ್ಷೆ 996 ಕ್ಯಾರೆರಾ ಆದರೆ ಐಎಂಎಸ್ (ಎಂಜಿನ್ನಿನ ನಡು ಶಾಫ್ಟ್) ಬೇರಿಂಗ್ ಮತ್ತು ಸಿಲಿಂಡರ್ ಗೋಡೆಯ ಗೀರು. ಸಿ6 ಕಾರ್ವೆಟ್ ಜೀ06 ಆದರೆ ವಾಲ್ವ್ ಗೈಡ್. ಟರ್ಬೊ ಇಜೆ25 ಎಂಜಿನ್ನಿನ ಸುಬಾರು ಆದರೆ ಪಿಸ್ಟನ್ನಿನ ರಿಂಗ್ ಲ್ಯಾಂಡ್ (ರಿಂಗ್ ಕೂರುವ ತೋಡಿನ ಅಂಚು). ಇವುಗಳಲ್ಲಿ ಯಾವುದನ್ನಾದರೂ ಮಾಡಿಸಿದ್ದರೆ ಅದರ ಬಿಲ್ಲು ಇಡೀ ಟರ್ಬೊ ಕಿಟ್ಟಿನ ಬಿಲ್ಲಿಗಿಂತ ಹೆಚ್ಚು ಬೆಲೆ ತರುತ್ತದೆ.

ಬ್ರೇಕ್ ಡಿಸ್ಕಿನ ದಪ್ಪವನ್ನು ಮೈಕ್ರೋಮೀಟರ್‌ನಲ್ಲಿ ಅಳೆದು, ಡಿಸ್ಕಿನ ಮೇಲೇ ಅಚ್ಚಾಗಿರುವ ಕನಿಷ್ಠ ದಪ್ಪದ ಜೊತೆ ಬರೆಯಿರಿ. ತೂತುಳ್ಳ ಡಿಸ್ಕಿನಲ್ಲಿ ಕೂದಲೆಳೆಯ ಗೀರುಗಳು ಸಹಜ. ತೂತಿನಿಂದ ತೂತಿಗೆ ಹಬ್ಬಿದ್ದರೆ ಅಥವಾ ಅಂಚಿಗೆ ಮುಟ್ಟಿದ್ದರೆ ಆ ಡಿಸ್ಕ್ ಮುಗಿದಂತೆ, ಬದಲಿಸಿ. ರೇಸ್ ಪ್ಯಾಡ್ ತೆಗೆದು ರಸ್ತೆಯ ಪ್ಯಾಡ್ ಹಾಕಿಡಿ. ರೇಸ್ ಪ್ಯಾಡ್ ತಣ್ಣಗಿರುವಾಗ ಕಚ್ಚುವುದಿಲ್ಲ, ಗೊತ್ತಿಲ್ಲದ ಗಿರಾಕಿ ಮೊದಲ ಸಿಗ್ನಲ್‌ನಲ್ಲೇ ಮುಂದಿನ ವಾಹನಕ್ಕೆ ಗುದ್ದಬಹುದು. ಬ್ರೇಕ್ ಆಯಿಲ್ ಬದಲಿಸಿ, ವೀಲ್ ಬೇರಿಂಗಿನ ಸಡಿಲ ನೋಡಿ.

ಟೈರಿನ ಪಕ್ಕದಲ್ಲಿರುವ ನಾಲ್ಕಂಕಿಯ ಕೋಡ್ ಓದಿ: 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಹಲವು ಸಲ ಕಾದು ಆರಿದ ಸೆಮಿ ಸ್ಲಿಕ್ ಟೈರಿನಲ್ಲಿ (ಗೆರೆ ಕಡಿಮೆ ಇರುವ ಟ್ರ್ಯಾಕ್ ಟೈರು) ಟ್ರೆಡ್ ಉಳಿದಿದ್ದರೂ ಹಿಡಿತ ಉಳಿದಿರುವುದಿಲ್ಲ, ಅದಕ್ಕೆ ಬೆಲೆ ಕೇಳಬೇಡಿ.

ಬಣ್ಣದ ದಪ್ಪವನ್ನೂ ಅಳೆದಿಡುವುದು ಒಳ್ಳೆಯದು. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 160 ಮೈಕ್ರಾನ್ ಇರುತ್ತದೆ, ಮರುಬಣ್ಣ ಬಳಿದಲ್ಲಿ 200 ದಾಟುತ್ತದೆ, ಪುಟ್ಟಿ ತುಂಬಿದಲ್ಲಿ ಇನ್ನೂ ಬಹಳ ಮೇಲೆ ಹೋಗುತ್ತದೆ. ಕಲ್ಲೇಟು ತಡೆಯುವ ಪಾರದರ್ಶಕ ಫಿಲ್ಮ್ ಅಂಟಿಸಿದ ಕಡೆಯೂ ಅಂಕಿ ಹೀಗೇ ಏರುವುದರಿಂದ ಎಲ್ಲೆಲ್ಲಿ ಫಿಲ್ಮ್ ಇದೆಯೆಂದು ಗುರುತು ಹಾಕಿಡಿ. ಇಲ್ಲದಿದ್ದರೆ ಅಪಘಾತವಾಗದ ಕಾರಿಗೂ ಅಪಘಾತದ ಪಟ್ಟ.

ಸುರಕ್ಷತಾ ಸಾಮಗ್ರಿಯ ಮೇಲೆ ಅವಧಿ ಅಚ್ಚಾಗಿರುತ್ತದೆ. ಮೋಟಾರ್ ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎಯ ಲೇಬಲ್ಲಿನ ಹಾರ್ನೆಸ್ ಐದು ವರ್ಷಕ್ಕೆ ಮುಗಿಯುತ್ತದೆ. 8855-1999 ಮಾನದಂಡದ ಸೀಟಿಗೂ ಐದು ವರ್ಷ, 8862-2009ರದ್ದಕ್ಕೆ ಹತ್ತು. ಅವಧಿ ಮುಗಿದ ಹಾರ್ನೆಸ್ಸನ್ನು ರೇಸಿನಲ್ಲಿ ಒಪ್ಪುವುದಿಲ್ಲ. ನೋಡಲು ಹೊಸದರಂತಿದ್ದರೂ ಅದನ್ನು ಬೆಲೆಯಲ್ಲಿ ಸೇರಿಸಬೇಡಿ. ಕೇಜಿನ ಕೊಳವೆಯ ವ್ಯಾಸ, ದಪ್ಪ, ಲೋಹ, ವೆಲ್ಡ್ ಮಾಡಿದವರು ಯಾರು ಎಂಬ ವಿವರ ಬರೆಯಿರಿ. ರೇಸಿಗೆ ಇಳಿಯುವವರು ಮುಖ್ಯ ಹೂಪ್ (ಸೀಟಿನ ಹಿಂದಿನ ಕಮಾನು) 45 ಮಿಮೀ ವ್ಯಾಸ, 2.5 ಮಿಮೀ ದಪ್ಪ ಇದೆಯೇ ಎಂಬಂಥ ಪ್ರಶ್ನೆಯನ್ನೇ ಕೇಳುತ್ತಾರೆ.

ಹಂತ 5: ಶಬ್ದಗಳ ಪಟ್ಟಿ ಮತ್ತು ಕಾಗದದ ಕಡತ

ಮಾಡಿಫೈ ಆದ ಕಾರು ಚೆನ್ನಾಗಿದ್ದಾಗಲೂ ಸದ್ದು ಮಾಡುತ್ತದೆ. ಫೋರ್ಜ್ಡ್ ಪಿಸ್ಟನ್ ತಣ್ಣಗಿರುವಾಗ ಟಕಟಕ ಎನ್ನುತ್ತದೆ, ಬಿಸಿಯಾದ ಮೇಲೆ ಸುಮ್ಮನಾಗುತ್ತದೆ. ಟ್ವಿನ್ ಪ್ಲೇಟ್ ಕ್ಲಚ್ ಪೆಡಲ್ ಒತ್ತಿದಾಗ ಗಲಗಲಿಸುತ್ತದೆ. ಹಗುರ ಫ್ಲೈವೀಲ್ ಇದ್ದರೆ ನ್ಯೂಟ್ರಲ್‌ನಲ್ಲಿ ಗೇರ್‌ಬಾಕ್ಸ್ ಕಟಕಟಿಸುತ್ತದೆ. ಪ್ಲೇಟ್ ಮಾದರಿಯ ಎಲ್‌ಎಸ್‌ಡಿ (ಒಂದೇ ಚಕ್ರ ಸುಮ್ಮನೆ ತಿರುಗದಂತೆ ತಡೆಯುವ ಡಿಫರೆನ್ಷಿಯಲ್) ನಿಧಾನ ತಿರುವಿನಲ್ಲಿ ಅದುರುತ್ತದೆ. ರಬ್ಬರ್ ಬುಷ್ ಬದಲು ಲೋಹದ ಗೋಳಾಕಾರದ ಬೇರಿಂಗ್ ಹಾಕಿದ್ದರೆ ಹೊಂಡದಲ್ಲಿ ಟಣ್ ಎನ್ನುತ್ತದೆ. ಯಾವ ಸದ್ದು ಯಾವಾಗ, ಯಾವುದರಿಂದ ಎಂದು ಅರ್ಧ ಪುಟ ಬರೆದು, ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಬಿಸಿಯಾಗುವವರೆಗಿನ ವಿಡಿಯೊ ಜೊತೆಗಿಡಿ. ಮಾರಾಟಗಾರರು ಹೆಚ್ಚಾಗಿ ಕೈಬಿಡುವ ಕೆಲಸವಿದು. ಎಷ್ಟೋ ವ್ಯವಹಾರ ಮುರಿದುಬೀಳುವುದು ಇಂಥ ಸದ್ದಿಗೆ ಹೆದರಿಯೇ.

ಕಡತದಲ್ಲಿ ಇರಬೇಕಾದ್ದು: ಸರ್ವಿಸ್ ದಾಖಲೆ, ಪ್ರತಿ ಭಾಗದ ಬಿಲ್ಲು, ಜೋಡಿಸಿದಾಗಿನ ಕಿಲೋಮೀಟರ್, ಎಂಜಿನ್ ಕಟ್ಟಿದ್ದರೆ ಅದರ ಅಳತೆಯ ಹಾಳೆ, ಟ್ರ್ಯಾಕ್ ದಿನಗಳ ಲೆಕ್ಕ, ಆಯಿಲ್ ಬದಲಿಸಿದ ಲೆಕ್ಕ, ಡೈನೊ (ಶಕ್ತಿ ಅಳೆಯುವ ಯಂತ್ರ) ಚಾರ್ಟ್. ಚಾರ್ಟಿನ ಮೇಲೆ ಯಾವ ಡೈನೊ, ಯಾವ ಕರೆಕ್ಷನ್ (ಹವಾಮಾನಕ್ಕೆ ತಕ್ಕ ತಿದ್ದುಪಡಿ), ಯಾವ ಇಂಧನ, ಎಷ್ಟು ಬೂಸ್ಟ್ ಎಂಬುದು ಇರಲಿ. ಚಕ್ರದಲ್ಲಿ ಅಳೆದ ಹಾರ್ಸ್‌ಪವರ್‌ಗೆ ತೋಚಿದಷ್ಟು ಸೇರಿಸಿ ಎಂಜಿನ್ನಿನ ಶಕ್ತಿ ಎಂದು ಬರೆದವರನ್ನು ಬಲ್ಲವರು ಒಂದೇ ನೋಟಕ್ಕೆ ಗುರುತಿಸುತ್ತಾರೆ. ಎಂಜಿನ್ ಬದಲಾಗಿದ್ದರೆ ಅದರ ನಂಬರು ನೋಂದಣಿ ಪತ್ರಕ್ಕೆ ಹೊಂದುತ್ತದೆಯೇ ನೋಡಿ. ಹೊಂದದಿದ್ದರೆ ಆ ಕೆಲಸ ಮುಗಿಸದೆ ಜಾಹೀರಾತು ಹಾಕಬೇಡಿ.

ಹಂತ 6: ಬೆಲೆ

ನಿಮ್ಮಷ್ಟೇ ಕಿಲೋಮೀಟರ್ ಓಡಿದ, ಏನೂ ಬದಲಾಗದ ಕಾರು ನಿಜವಾಗಿ ಮಾರಾಟವಾದ ಬೆಲೆ 100 ಎಂದಿಟ್ಟುಕೊಳ್ಳಿ. ಜಾಹೀರಾತಿನಲ್ಲಿ ಕೇಳಿದ ಬೆಲೆ ಲೆಕ್ಕಕ್ಕೆ ಬಾರದು. ಭಾಗಗಳಿಗೆ 60 ಸುರಿದಿದ್ದೀರಿ ಎನ್ನೋಣ. ಹಿಂದಕ್ಕೆ ತಂದ ಕಾರು, ಟ್ರ್ಯಾಕ್ ಕಂಡದ್ದರಿಂದ, 90ಕ್ಕೆ ಹೋದೀತು. ಭಾಗಗಳು ಬಿಡಿಯಾಗಿ ಅರ್ಧ ಬೆಲೆಗೆ ಹೋದರೆ 30. ಕೂಲಿ, ಗ್ಯಾಸ್ಕೆಟ್, ಅಲೈನ್‌ಮೆಂಟ್, ಪ್ಯಾಕಿಂಗ್, ಸಾಗಣೆಗೆ 10 ಕಳೆಯಿರಿ. ಕೈಗೆ 110. ಅದೇ ಕಾರನ್ನು ಇದ್ದ ಹಾಗೆ 100ಕ್ಕೆ ಕೇಳುವವರಿದ್ದರೆ, ಆ 10ಕ್ಕಾಗಿ ತಿಂಗಳುಗಟ್ಟಲೆ ಬಿಚ್ಚಿ, ತೊಳೆದು, ಚೌಕಾಸಿ ಮಾಡುವುದು ನಿಮಗೆ ಬೇಕೇ ಎಂಬುದು ಪ್ರಶ್ನೆ. ಅಂತರ 20 ದಾಟಿದರೆ ಬಿಚ್ಚಿ. 10ರೊಳಗಿದ್ದರೆ ಇದ್ದ ಹಾಗೇ ಕೊಟ್ಟುಬಿಡಿ ಎಂಬುದು ನಮ್ಮ ಸಲಹೆ.

ಎಲ್ಲ ಭಾಗಗಳೂ ಒಂದೇ ತೂಕದವಲ್ಲ. ಹೆಸರುವಾಸಿ ಕಂಪನಿಯ ಡ್ಯಾಂಪರ್ (ಶಾಕ್ ಅಬ್ಸಾರ್ಬರ್), ಎಲ್‌ಎಸ್‌ಡಿ, ಆಯಿಲ್ ಕೂಲರ್, ದೊಡ್ಡ ರೇಡಿಯೇಟರ್, ಹಗುರ ಫೋರ್ಜ್ಡ್ ಚಕ್ರ: ಇವುಗಳಿಗೆ ಟ್ರ್ಯಾಕ್ ಗಿರಾಕಿ ಒಂದಿಷ್ಟು ಕೊಡುತ್ತಾರೆ. ಬಾಡಿ ಕಿಟ್, ಬಣ್ಣದ ಸ್ಟಿಕ್ಕರ್, ಸ್ಪೀಕರ್‌ಗಳಿಗೆ ಏನೂ ಕೊಡುವುದಿಲ್ಲ. ಕೆಲವೊಮ್ಮೆ ಅವುಗಳಿಂದಲೇ ಬೆಲೆ ಇಳಿಯುತ್ತದೆ.

ಹಂತ 7: ಫೋಟೊ ಮತ್ತು ಜಾಹೀರಾತು

ತೊಳೆದ ಕಾರಿನ ಚೆಂದದ ಫೋಟೊ ನಾಲ್ಕು ಸಾಕು. ಉಳಿದ ಇಪ್ಪತ್ತು ತಳಭಾಗ, ಜಾಕ್ ಕೊಡುವ ಜಾಗ, ಸ್ಟ್ರಟ್ ಟವರ್, ಸಬ್‌ಫ್ರೇಮ್, ಕೇಜಿನ ವೆಲ್ಡ್, ವೈರಿಂಗ್, ಟೈರ್ ಕೋಡ್, ಹಾರ್ನೆಸ್ ಲೇಬಲ್, ಮತ್ತು ಪ್ರತಿಯೊಂದು ಗೀರು, ತಗ್ಗಿನವು. ತಳಭಾಗವನ್ನು ಹೊಸದಾಗಿ ಕಪ್ಪು ಬಳಿದು ಫೋಟೊ ತೆಗೆದರೆ ಏನನ್ನೋ ಮುಚ್ಚಿದ್ದಾರೆ ಎಂದೇ ಅರ್ಥ.

ಬರಹದಲ್ಲಿ “ಅಪರೂಪಕ್ಕೆ ಟ್ರ್ಯಾಕ್‌ಗೆ ಹೋಗಿದೆ” ಎನ್ನುವುದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಮಾದರಿಗೆ ಹೀಗೆ ಬರೆಯಬಹುದು:

“ಮಾಜ್ದಾ ಎಂಎಕ್ಸ್-5, 1.8 ಲೀಟರ್, 2002. 1,18,000 ಕಿಮೀ. ಒಟ್ಟು 22 ಟ್ರ್ಯಾಕ್ ದಿನ, ಎರಡು ಟ್ರ್ಯಾಕ್ ದಿನಕ್ಕೊಮ್ಮೆ ಆಯಿಲ್ ಬದಲಾವಣೆ. ಎಂಜಿನ್ ಬಿಚ್ಚಿಲ್ಲ; ಲೀಕ್‌ಡೌನ್ ಶೇ 6, 7, 6, 9. ಕಾಯಿಲ್‌ಓವರ್ 14,000 ಕಿಮೀ ಹಿಂದೆ ಹಾಕಿದ್ದು, ಒಮ್ಮೆ ರೀಬಿಲ್ಡ್ ಆಗಿದೆ. ಬೋಲ್ಟ್ ರೋಲ್ ಬಾರ್. ಎಡ ಹಿಂಬದಿ ಫೆಂಡರ್ ಮರುಬಣ್ಣ, ಕಾರಣ ಟ್ರ್ಯಾಕ್‌ನಲ್ಲಿ ಟೈರುಗಳ ತಡೆಗೋಡೆಗೆ ತಾಗಿದ್ದು, ಫೋಟೊ 17. ಎರಡನೇ ಗೇರು ತಣ್ಣಗಿರುವಾಗ ಬಿಗಿ. ಎಸಿ ಇಲ್ಲ, ಭಾಗಗಳು ಪೆಟ್ಟಿಗೆಯಲ್ಲಿವೆ.”

ಲೋಪಗಳನ್ನು ಹೀಗೆ ನೀವೇ ಮೊದಲು ಹೇಳಿಬಿಟ್ಟರೆ ಚೌಕಾಸಿಗೆ ಹಿಡಿ ಸಿಗುವುದಿಲ್ಲ. ಅವೆಲ್ಲ ಸೇರಿಯೇ ಈ ಬೆಲೆ ಎನ್ನಬಹುದು.

ಹಂತ 8: ತಪಾಸಣೆ ಮತ್ತು ಟೆಸ್ಟ್ ಡ್ರೈವ್

ಗಿರಾಕಿ ತಮ್ಮ ಮೆಕ್ಯಾನಿಕ್ಕನ್ನು ಕರೆತರಲಿ, ಖರ್ಚು ಅವರದ್ದೇ. ಲಿಫ್ಟ್ ಇರುವ ಗ್ಯಾರೇಜಿಗೆ ನೀವೇ ಕಾರು ಒಯ್ಯಿರಿ. ಬರುವ ಮುನ್ನ ಎಂಜಿನ್ ಬಿಸಿ ಮಾಡಿಡಬೇಡಿ; ತಣ್ಣಗಿನ ಸ್ಟಾರ್ಟ್ ನೋಡುವುದು ಅವರ ಹಕ್ಕು.

ಮೊದಲ ಸುತ್ತು ನೀವೇ ಓಡಿಸಿ, ಅವರು ಪಕ್ಕದಲ್ಲಿರಲಿ. ಆಯಿಲ್ 80 ಡಿಗ್ರಿ ಸೆಲ್ಸಿಯಸ್ ಮುಟ್ಟುವ ತನಕ ಆರ್‌ಪಿಎಂ ಏರಿಸಬೇಡಿ. ಸ್ಟೀರಿಂಗ್ ಅವರ ಕೈಗೆ ಕೊಡುವ ಮುನ್ನ ಚಾಲನಾ ಪರವಾನಗಿ ನೋಡಿ, ವಿಮೆ ಅವರಿಗೂ ಅನ್ವಯಿಸುತ್ತದೆಯೇ ಖಚಿತಪಡಿಸಿಕೊಳ್ಳಿ, ಹಾಳಾದರೆ ಹೊಣೆ ಯಾರದ್ದು ಎಂಬುದನ್ನು ಬರೆದು ಸಹಿ ಮಾಡಿಸಿ. ಲಾಂಚ್ (ನಿಂತಲ್ಲಿಂದ ಪೂರ್ತಿ ಶಕ್ತಿಯಲ್ಲಿ ಹೊರಡುವುದು) ಬೇಡ, ಕ್ಲಚ್ ಸುಡುವ ಆಟ ಬೇಡ. ಟ್ರ್ಯಾಕ್‌ನಲ್ಲಿ ಓಡಿಸಿ ನೋಡಬೇಕೆಂದವರಿಗೆ ನಯವಾಗಿ ಇಲ್ಲ ಎನ್ನಿ. ಲ್ಯಾಪ್ ವಿಡಿಯೊ ಮತ್ತು ಡೇಟಾ ಲಾಗ್ ತೋರಿಸಿ. ರಸ್ತೆಗೆ ನೋಂದಣಿ ಇಲ್ಲದ ಕಾರನ್ನು “ಒಂದೇ ಒಂದು ಸುತ್ತು” ಎಂದು ಸಾರ್ವಜನಿಕ ರಸ್ತೆಗೆ ಇಳಿಸಬೇಡಿ.

ಹಂತ 9: ಹಣ, ಕರಾರು, ಹಸ್ತಾಂತರ

ಮುಂಗಡ ತೆಗೆದುಕೊಂಡರೆ ತಪಾಸಣೆಯಲ್ಲಿ ಏನು ಕಂಡುಬಂದರೆ ವಾಪಸು, ಎಷ್ಟು ದಿನ ಕಾರು ಹಿಡಿದಿಡುತ್ತೀರಿ ಎಂದು ಬರೆಯಿರಿ. ಸಾಲ ಬಾಕಿ ಇದ್ದರೆ ತೀರಿಸಿದ ಪತ್ರ ಸಿದ್ಧವಿರಲಿ. ಪೂರ್ತಿ ಹಣ ನಿಮ್ಮ ಖಾತೆಯಲ್ಲಿ ಕಂಡ ಮೇಲೇ ಕೀಲಿ ಕೊಡಿ. ಹಣ ಕಳಿಸಿದ ಸ್ಕ್ರೀನ್‌ಶಾಟ್ ಹಣವಲ್ಲ, ಬ್ಯಾಂಕ್ ಡ್ರಾಫ್ಟಿನಲ್ಲೂ ನಕಲಿ ಇರುತ್ತದೆ.

ಕರಾರಿನಲ್ಲಿ ಕಾರು ಇದ್ದ ಸ್ಥಿತಿಯಲ್ಲಿ, ವಾರಂಟಿ ಇಲ್ಲದೆ ಮಾರಾಟವಾಗಿದೆ ಎಂಬ ಮಾತಿನ ಜೊತೆ ಟ್ರ್ಯಾಕ್ ಬಳಕೆಯ ಲೆಕ್ಕ, ಮಾಡಿಫಿಕೇಶನ್‌ಗಳ ಪಟ್ಟಿ, ಗೊತ್ತಿರುವ ಲೋಪಗಳ ಪಟ್ಟಿಯನ್ನು ಅನುಬಂಧವಾಗಿ ಸೇರಿಸಿ, ಪ್ರತಿ ಪುಟಕ್ಕೂ ಇಬ್ಬರೂ ಸಹಿ ಹಾಕಿ. ಗೊತ್ತಿದ್ದೂ ಮುಚ್ಚಿಟ್ಟ ದೋಷಕ್ಕೆ “ಇದ್ದ ಸ್ಥಿತಿಯಲ್ಲಿ” ಎಂಬ ಮಾತು ಸಾಮಾನ್ಯವಾಗಿ ರಕ್ಷಣೆ ಕೊಡುವುದಿಲ್ಲ. ಹಸ್ತಾಂತರದ ದಿನಾಂಕ, ಗಂಟೆ, ಓಡೊಮೀಟರ್ ಅಂಕಿಯನ್ನೂ ನಮೂದಿಸಿ. ಆ ಹೊತ್ತಿನ ಮುಂಚಿನ ದಂಡ ನಿಮ್ಮದು, ಆಮೇಲಿನದ್ದು ಅವರದ್ದು.

ಟ್ಯೂನ್ ಫೈಲ್, ಇಸಿಯು ಪಾಸ್‌ವರ್ಡ್, ಲಾಕ್ ನಟ್ಟಿನ ಕೀಲಿ, ಟೋ ಹುಕ್, ಡ್ಯಾಂಪರ್ ಹೊಂದಿಸುವ ಸ್ಪ್ಯಾನರ್ ಕೊಟ್ಟದ್ದಕ್ಕೆ ಗುರುತು ಹಾಕಿಕೊಳ್ಳಿ. ನಿಮ್ಮ ಹೆಸರಿನಲ್ಲಿರುವ ಲ್ಯಾಪ್ ಟೈಮಿಂಗ್ ಟ್ರಾನ್ಸ್‌ಪಾಂಡರ್, ಜಿಪಿಎಸ್ ಟ್ರ್ಯಾಕರ್, ಫೋನಿಗೆ ಜೋಡಿಸಿದ ಖಾತೆಗಳನ್ನು ತೆಗೆದುಬಿಡಿ. ನೋಂದಣಿ ಅವರ ಹೆಸರಿಗೆ ಆದದ್ದಕ್ಕೆ ದಾಖಲೆ ಕೈಸೇರುವ ತನಕ ವಿಮೆ ರದ್ದು ಮಾಡಬೇಡಿ.